ರೆಗೆಟೋನ್ ನೋಟ್‌ಬುಕ್: ಯಾರು ಯಾರಿಗೆ ಅಳುತ್ತಿದ್ದಾರೆ?

ರೆಗೆಟೋನ್ ಅಂದರೆ ಲ್ಯಾಟಿನ್ ಅಮೆರಿಕದ, ಸ್ಪ್ಯಾನಿಷ್‌ನಲ್ಲಿ ಹಾಡುವ ಕುಣಿತದ ಸಂಗೀತ. ಆ ಹಾಡುಗಳ ಸಾಹಿತ್ಯವನ್ನು ಬರೆದಿಟ್ಟು, ಪ್ರೀತಿಯವು ಯಾವುವು, ವಿರಹದವು ಯಾವುವು ಅಂತ ಬೇರೆ ಮಾಡುವ ಕೆಲಸ ಮುಂದುವರಿದಿದೆ. ಎರಡೇ ಕಾಲಂ ಸಾಲುತ್ತಿರಲಿಲ್ಲ. ಈಗ ‘ಯಾರು ಯಾರಿಗೆ ಹೇಳುತ್ತಿದ್ದಾರೆ’ ಅಂತ ಇನ್ನೊಂದು ಸೇರಿಸಿದ್ದೇನೆ. ಮಜಾ ಇರುವುದೆಲ್ಲ ಅದರಲ್ಲೇ.

ಮೊದಲು ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಹಳೆಯ ಹಾಡುಗಳು. ಡಾನ್ ಒಮರ್‌ನ 2003ರ ‘ದಿಲೆ’ಯಲ್ಲಿ ಅವನು ಅವಳಿಗೆ ಹೇಳುತ್ತಾನೆ: ಹೋಗಿ ನಿನ್ನವನಿಗೆ ಎಲ್ಲ ಹೇಳಿಬಿಡು. ನಾವು ಕುಣಿಯುತ್ತಾ ಪರಿಚಯವಾದದ್ದನ್ನೂ ಹೇಳು, ಅವನಿಗಿಂತ ನಾನೇ ಮೇಲು ಅಂತಲೂ ಹೇಳು. ಎಂಥಾ ಪೊಗರು ನೋಡಿ! ಮಾತಾಡುವುದು ಅವಳ ಹತ್ತಿರ, ಚುಚ್ಚುವುದು ಅಲ್ಲಿಲ್ಲದ ಮೂರನೆಯವನಿಗೆ.

2005ರ ‘ಎಯಾ ಇ ಯೊ’ಗೆ ನೋಟ್‌ಬುಕ್‌ನಲ್ಲಿ ಇಡೀ ಪುಟವೇ ಹೋಯಿತು. ಇದರಲ್ಲಿ ಡಾನ್ ಒಮರ್ ಜೊತೆ ಅವೆಂತೂರಾ ತಂಡವಿದೆ. ಮದುವೆಯಾದ ಹೆಂಗಸಿನ ಮೇಲೆ ಮನಸ್ಸಾಗಿದೆ ಅಂತ ಒಬ್ಬ ತನ್ನ ಗೆಳೆಯನ ಹತ್ತಿರ ಹೇಳಿಕೊಳ್ಳುತ್ತಾನೆ. ಗೆಳೆಯ ಧೈರ್ಯ ತುಂಬುತ್ತಾನೆ: ಬಿಡಬೇಡ, ಗಂಡನ ಯೋಚನೆ ಯಾಕೆ, ಅವಳಿಗಾಗಿ ಹೋರಾಡು. ಕೊನೆಗೆ ನೋಡಿದರೆ ಅವಳು ಆ ಗೆಳೆಯನ ಹೆಂಡತಿಯೇ! ಅವನು ಕೊಟ್ಟ ಬುದ್ಧಿಮಾತೆಲ್ಲ ಅವನ ತಲೆಗೇ ಬಂತು. ಕೆಲವೇ ನಿಮಿಷದಲ್ಲಿ ಒಂದು ಪೂರ್ತಿ ನಾಟಕ ಮುಗಿಸಿಬಿಡುತ್ತಾರೆ.

ನಡುವೆ ತಾಳದ ಅಭ್ಯಾಸವೂ ನಡೆಯುತ್ತಿದೆ. ಎಂಟನ್ನು 3-3-2 ಅಂತ ಒಡೆದು ತೊಡೆ ಮೇಲೆ ತಟ್ಟಿದರೆ ಸಾಕು, ಅದೇ ಡೆಂಬೋ, ರೆಗೆಟೋನ್‌ನ ಮೂಲ ತಾಳ. ಜಮೈಕಾದ ಶಾಬಾ ರ‍್ಯಾಂಕ್ಸ್ ಹಾಡಿನಿಂದ ಆ ಹೆಸರು ಬಂದಿದೆ. ಎದೆ ಒಡೆದ ಹಾಡಿಗೂ ಈ ತಾಳ ಸುಮ್ನೆ ತನ್ನ ಪಾಡಿಗೆ ಓಡುತ್ತಿರುತ್ತದೆ, ಅಳುವವರು ಕುಣಿಯುತ್ತಲೇ ಅಳಬೇಕು. ಪೋರ್ಟೊ ರಿಕೊದ ಗಾಯಕ ಬ್ಯಾಡ್ ಬನ್ನಿಯ 2018ರ ‘ಅಮೋರ್‌ಫೋದಾ’ದಲ್ಲಿ ಮಾತ್ರ ಡ್ರಮ್ ಇಲ್ಲ. ಬರೀ ಪಿಯಾನೊ, ಜೊತೆಗೆ ಪ್ರೀತಿಗೆ ಬೈಗುಳ. ಇದು ನನಗೆ ಅಷ್ಟು ಹಿಡಿಸಲಿಲ್ಲ. ತಾಳ ತೆಗೆದರೆ ಬೈಗುಳ ಜಾಸ್ತಿ ಕೇಳಿಸುತ್ತದೆ, ನೋವು ಕಮ್ಮಿ.

ಕೊಲಂಬಿಯಾದ ಕರೋಲ್ ಜಿ, ನಿಕಿ ಮಿನಾಜ್ ಜೊತೆ ಹಾಡಿದ 2019ರ ‘ತೂಸಾ’ದಲ್ಲಿ ಹೇಳುವ ರೀತಿಯೇ ಬೇರೆ. ಇಲ್ಲಿ ಮೂರನೆಯವನ ಕಾಟವಿಲ್ಲ. ‘ಅವಳು’ ಅಂತ ಒಬ್ಬಳ ಕಥೆ. ಅವನನ್ನು ಮರೆತಾಯಿತು ಅಂತ ರೆಡಿಯಾಗಿ ಹೊರಗೆ ಹೊರಡುತ್ತಾಳೆ. ಅಲ್ಲಿ ಯಾರೋ ಆ ಒಂದು ಹಾಡು ಹಾಕಿದರೆ ಮುಗಿಯಿತು, ಅಳುತ್ತಾ ಅವನಿಗೇ ಫೋನ್! ಅವನು ಎತ್ತುವುದಿಲ್ಲ, ಕಾಲ್ ವಾಯ್ಸ್‌ಮೇಲ್‌ಗೆ ಹೋಗುತ್ತದೆ. ಇದನ್ನು ಹೇಳುವ ದನಿ ಪಕ್ಕದಲ್ಲೇ ನಿಂತ ಗೆಳತಿಯದು ಅನ್ನಿಸುತ್ತದೆ. ಪೊಗರಿನ ಜಾಗಕ್ಕೆ ಕನಿಕರ ಬಂದಿದೆ, ಅಲ್ವಾ?

ಬ್ಯಾಡ್ ಬನ್ನಿಯ ಜನವರಿ 2025ರ ಆಲ್ಬಂನ ‘ತುರಿಸ್ತಾ’ ಗಿಟಾರ್ ಹಿಡಿದ ಬೊಲೆರೊ, ಅಂದರೆ ನಿಧಾನಗತಿಯ ಪ್ರೇಮಗೀತೆ, ರೆಗೆಟೋನ್ ಅಲ್ಲ. ನಿಯಮದ ಪ್ರಕಾರ ಪಟ್ಟಿಗೆ ಸೇರಬಾರದು, ಆದರೂ ಸೇರಿಸಿದ್ದೇನೆ. ನನ್ನ ಬದುಕಿನಲ್ಲಿ ನೀನೊಬ್ಬಳು ಪ್ರವಾಸಿ, ಚೆಂದದ್ದನ್ನಷ್ಟೇ ನೋಡಿ ಹೋದೆ ಅನ್ನುತ್ತಾನೆ. ಹೊರಗಿನವರು ಬಂದು ದ್ವೀಪವನ್ನು ಕೊಳ್ಳುತ್ತಿದ್ದಾರೆ, ಊರಿನವರು ಬಿಟ್ಟು ಹೋಗುತ್ತಿದ್ದಾರೆ ಅನ್ನುವ ಸಂಕಟ ಆ ಆಲ್ಬಂ ತುಂಬಾ ಇದೆ. ಹಾಗಾಗಿ ‘ಯಾರಿಗೆ’ ಅನ್ನುವ ಕಾಲಂನಲ್ಲಿ ಹುಡುಗಿಯ ಪಕ್ಕ ಪೋರ್ಟೊ ರಿಕೊಗೆ ಬರುವ ಟೂರಿಸ್ಟುಗಳನ್ನೂ ಬರೆದೆ.

ಮುಂದಿನ ಸರದಿ ಗಾಯಕಿ ಐವಿ ಕ್ವೀನ್. ‘ಕಿಯೆರೊ ಬೈಲಾರ್’ ಕೇಳಿದ್ದಾಗಿದೆ. ಕುಣಿಯೋಣ ಬಾ, ಹಾಗಂತ ನಿನ್ನ ಜೊತೆ ಮಲಗುತ್ತೇನೆ ಅಂದುಕೊಳ್ಳಬೇಡ ಅನ್ನುತ್ತಾಳೆ. ಪ್ರೀತಿಯೂ ಅಲ್ಲ, ವಿರಹವೂ ಅಲ್ಲ. ಇನ್ನೊಂದು ಗೆರೆ ಎಳೆಯಲೇಬೇಕು.