ಮಿಲ್ವಾಕಿಯ ಓರೆ ಸೇತುವೆಗಳು

ಶಿಕಾಗೋದಿಂದ ಉತ್ತರಕ್ಕೆ ರೈಲಿನಲ್ಲಿ ಒಂದೂವರೆ ಗಂಟೆ ಪ್ರಯಾಣಿಸಿದರೆ ಮಿಷಿಗನ್ ಸರೋವರದ ದಡದಲ್ಲಿರುವ ಮಿಲ್ವಾಕಿ ಸಿಗುತ್ತದೆ. ಊರಿನ ನಡುವೆ ಹರಿಯುವ ನದಿಯನ್ನು ದಾಟುವ ಹಲವು ಸೇತುವೆಗಳು ನೇರವಾಗಿರದೆ ಓರೆಯಾಗಿವೆ. ಪೂರ್ವದ ಬೀದಿಗಳೂ ಪಶ್ಚಿಮದ ಬೀದಿಗಳೂ ಒಂದಕ್ಕೊಂದು ಎದುರಾಗದೇ ಇರುವುದು ಇದಕ್ಕೆ ಕಾರಣ. ಈ ಸೊಟ್ಟತನದ ಹಿಂದಿರುವ ಇಬ್ಬರು ಜಮೀನು ವ್ಯಾಪಾರಿಗಳಲ್ಲಿ ಒಬ್ಬನು ಅದಕ್ಕೆ ಮುಂಚೆ ತುಪ್ಪಳದ ವ್ಯಾಪಾರಿಯಾಗಿದ್ದ ಸಾಲೊಮನ್ ಜುನೋ.

ಜುನೋ 1793ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ರೆಪೆಂಟಿನ್ಯಿಯಲ್ಲಿ ಹುಟ್ಟಿದನು. ಫ್ರೆಂಚ್ ಅವನ ಮನೆಮಾತು. 1818ರಲ್ಲಿ ಅವನು ಈ ನದೀಮುಖಕ್ಕೆ ಬಂದು ಅಮೆರಿಕನ್ ಫರ್ ಕಂಪನಿಯ ಪ್ರತಿನಿಧಿಯಾದನು. ಅವನಿಗೆ ಮುಂಚೆಯೇ ಇಲ್ಲಿ ವ್ಯಾಪಾರ ನಡೆಸುತ್ತಿದ್ದ ಜಾಕ್ ವಿಯೋನ ಮಗಳು ಜೋಸೆಟ್‌ಳನ್ನು 1820ರಲ್ಲಿ ಮದುವೆಯಾದನು. ತಾಯಿಯ ಕಡೆಯಿಂದ ಅವಳಿಗೆ ಮೆನಾಮಿನಿ ಮೂಲನಿವಾಸಿಗಳ ನಂಟಿತ್ತು. ಬೇಟೆಗಾರರಿಗೆ ಕಂಬಳಿ, ಕೊಳಗ, ಬಂದೂಕಿನ ಮದ್ದುಗಳನ್ನು ಶರತ್ಕಾಲದಲ್ಲಿ ಸಾಲವಾಗಿ ಕೊಟ್ಟು ವಸಂತದಲ್ಲಿ ಬೀವರ್, ಮಸ್ಕ್‌ರಾಟ್ ಪ್ರಾಣಿಗಳ ಚರ್ಮದ ರೂಪದಲ್ಲಿ ಅದನ್ನು ವಸೂಲು ಮಾಡುವ ಈ ವ್ಯವಹಾರದಲ್ಲಿ ಹಣಕ್ಕಿಂತ ನಂಟಸ್ತಿಕೆಯೇ ದೊಡ್ಡ ಬಂಡವಾಳವಾಗಿತ್ತು. ಆದ್ದರಿಂದ ಈ ಊರಿನ ಕಥೆಯಲ್ಲಿ ಜೋಸೆಟ್‌ಳ ಪಾಲು ಗಂಡನ ಪಾಲಿಗಿಂತ ಕಡಿಮೆಯದೆಂದು ನನಗನ್ನಿಸುವುದಿಲ್ಲ.

1830ರ ದಶಕದಲ್ಲಿ ರೇಷ್ಮೆ ಟೊಪ್ಪಿಗೆಯ ಫ್ಯಾಷನ್ ಹಬ್ಬಿ, ಅದುವರೆಗೆ ಟೊಪ್ಪಿಗೆಗೆ ಬಳಸುತ್ತಿದ್ದ ಬೀವರ್ ತುಪ್ಪಳದ ಬೇಡಿಕೆ ಕುಸಿಯಿತು. ಅದೇ ಹೊತ್ತಿಗೆ, 1831 ಮತ್ತು 1833ರ ಒಪ್ಪಂದಗಳ ಮೂಲಕ ಮೆನಾಮಿನಿ ಮತ್ತು ಪೊಟವಾಟಮಿ ಜನರ ನೆಲ ಸರ್ಕಾರದ ಪಾಲಾಯಿತು. 1831ರಲ್ಲಿ ಅಮೆರಿಕದ ಪೌರತ್ವ ಪಡೆದಿದ್ದ ಜುನೋ, ಗ್ರೀನ್ ಬೇ ಪಟ್ಟಣದ ವಕೀಲ ಮಾರ್ಗನ್ ಮಾರ್ಟಿನ್‌ನೊಂದಿಗೆ ಪಾಲುದಾರನಾಗಿ ನದಿಯ ಪೂರ್ವದಂಡೆಯಲ್ಲಿ ನಿವೇಶನಗಳನ್ನು ಮಾರತೊಡಗಿದನು. ಪಶ್ಚಿಮದಂಡೆಯಲ್ಲಿ ಬೈರನ್ ಕಿಲ್ಬರ್ನ್ ಎಂಬ ಸರ್ವೇಯರ್ ಅವನಿಗೆ ಪ್ರತಿಸ್ಪರ್ಧಿಯಾದನು. ಎದುರು ದಂಡೆಗೆ ಜನ ಹೋಗದಿರಲಿ ಎಂದೇ ಕಿಲ್ಬರ್ನ್ ತನ್ನ ಬೀದಿಗಳನ್ನು ಜುನೋನ ಬೀದಿಗಳಿಗೆ ಹೊಂದದಂತೆ ಹಾಕಿಸಿದನು. 1845ರಲ್ಲಿ ಸೇತುವೆಯ ಖರ್ಚಿನ ಜಗಳ ವಿಕೋಪಕ್ಕೆ ಹೋಗಿ, ಪಶ್ಚಿಮದವರು ತಮ್ಮ ಕಡೆಯ ಅರ್ಧ ಸೇತುವೆಯನ್ನು ನದಿಗೆ ಕೆಡವಿದರು. ಪೂರ್ವದವರು ಫಿರಂಗಿಯನ್ನೇ ಎಳೆದು ತಂದರು. ಮರುವರ್ಷ ಎರಡೂ ದಂಡೆಗಳು ಒಂದೇ ನಗರವಾದವು, ಜುನೋ ಮೊದಲ ಮೇಯರ್ ಆದನು.

ಅವನ ಮಳಿಗೆಯಿದ್ದ ವಾಟರ್ ಬೀದಿ ಮತ್ತು ವಿಸ್ಕಾನ್ಸಿನ್ ಅವೆನ್ಯೂಗಳ ಕೂಡುರಸ್ತೆಯಲ್ಲಿ ಈಗ ಎತ್ತರದ ಕಚೇರಿ ಕಟ್ಟಡಗಳು ನಿಂತಿವೆ. ನ್ಯಾಯಾಲಯ ಕಟ್ಟಲೆಂದು ಅವನೂ ಮಾರ್ಟಿನ್ನನೂ ದಾನವಿತ್ತ ಜಾಗ ಕ್ಯಾಥೀಡ್ರಲ್ ಸ್ಕ್ವೇರ್ ಎಂಬ ಉದ್ಯಾನವಾಗಿದೆ. ಸರೋವರದ ದಿಬ್ಬದ ಮೇಲಿನ ಜುನೋ ಪಾರ್ಕಿನಲ್ಲಿ ಬಂದೂಕು ಹಿಡಿದ ಅವನ ಕಂಚಿನ ಪ್ರತಿಮೆಯಿದೆ. 1887ರಲ್ಲಿ ಅದನ್ನು ನಗರಕ್ಕೆ ಕೊಟ್ಟವರು ಪಾದರಕ್ಷೆ ತಯಾರಿಸುತ್ತಿದ್ದ ಇಬ್ಬರು ಉದ್ಯಮಿಗಳು. ಅದೇ ಉದ್ಯಾನದಲ್ಲಿ ಇತ್ತ ಕಾಲೇ ಇಡದ ನಾರ್ಸ್ ನಾವಿಕ ಲೀಫ್ ಎರಿಕ್ಸನ್ನನ ಪ್ರತಿಮೆಯೂ ಇದೆ. ನಿವೇಶನ ಮಾರಿದ ಮನುಷ್ಯನ ಕೈಗೆ ನಕ್ಷೆಯ ಬದಲು ಬಂದೂಕು ಕೊಟ್ಟಿರುವುದು ನನಗೆ ವಿಚಿತ್ರವಾಗಿ ಕಂಡಿತು. ನಗರವನ್ನು ರೂಪಿಸಿದ್ದು ಆ ನಕ್ಷೆಯೇ.

1837ರ ಆರ್ಥಿಕ ಕುಸಿತದಲ್ಲಿ ಜುನೋ ಗಳಿಸಿದ್ದರ ಬಹುಪಾಲು ಕರಗಿಹೋಯಿತು. ಅದೇ ವರ್ಷ ಅವನು ಆರಂಭಿಸಿದ ಸೆಂಟಿನೆಲ್ ಪತ್ರಿಕೆಯ ಹೆಸರು ಮಾತ್ರ ಇಂದಿಗೂ ನಗರದ ದಿನಪತ್ರಿಕೆಯಲ್ಲಿ ಉಳಿದಿದೆ. ಮೇಯರ್ ಪದವಿಯ ನಂತರ ಅವನು ವಾಯವ್ಯಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ, ತನ್ನ ತಾಯಿಯ ಹೆಸರನ್ನೇ ಇಟ್ಟ ಥೆರೆಸಾ ಎಂಬ ಹಳ್ಳಿಗೆ ಹೋಗಿ ಗಿರಣಿಗಳನ್ನು ನಡೆಸಿದನು. ಅಲ್ಲಿ ಅವನ ಮನೆಯನ್ನು ಸಂರಕ್ಷಿಸಿಟ್ಟಿದ್ದಾರೆ.

ಒಪ್ಪಂದದಂತೆ ಸರ್ಕಾರ ಮೆನಾಮಿನಿ ಜನರಿಗೆ ಹಣ ಹಂಚುವಾಗ ಹಳೆಯ ವ್ಯಾಪಾರಿಗಳೂ ಅಲ್ಲಿಗೆ ಹೋಗುವುದು ಆ ಕಾಲದ ವಾಡಿಕೆಯಾಗಿತ್ತು. 1856ರ ನವೆಂಬರಿನಲ್ಲಿ ಅಂಥದೇ ಹಂಚಿಕೆಗೆಂದು ಮೆನಾಮಿನಿ ನಾಡಿಗೆ ಹೋಗಿದ್ದ ಜುನೋ ಅಲ್ಲಿಯೇ ತೀರಿಕೊಂಡನು. ಮೊದಲು ಅವನನ್ನು ಅಲ್ಲಿಯೇ ಮಣ್ಣು ಮಾಡಿದ್ದರು; ಮಿಲ್ವಾಕಿಯವರು ನಂತರ ದೇಹವನ್ನು ತರಿಸಿ ತಮ್ಮ ಊರಿನಲ್ಲಿ ಸಮಾಧಿ ಮಾಡಿದರು.