14 ವರ್ಷ ಆದ್ಮೇಲೂ ಓದ್ಕೊಂಡು ಹೋಗ್ಬೇಕಾ?

ಹೌದು, ಓದಬೇಕು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ಕೇಳುವವರು ಒಂದು ಉತ್ತರಕ್ಕೆ ಸುಮ್ಮನಾಗುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ 14 ವರ್ಷ ಆದಮೇಲೆ ಮೂರು ತಿಂಗಳಿಂದ ಬೇರೆ ಕೆಲಸ ಹುಡುಕುತ್ತಿದ್ದೇನೆ, ಇಂಟರ್‌ವ್ಯೂಗೆ ಕೂತು ಓದುತ್ತಿದ್ದೇನೆ. ಅತ್ತೆ ಕೇಳಿದ್ದಾರೆ, ಎದುರು ಮನೆಯವರು ಕೇಳಿದ್ದಾರೆ, ಬಿ.ಇ. ಓದುತ್ತಿರುವ ಅಕ್ಕನ ಮಗನೂ ಕೇಳಿದ್ದಾನೆ. ಅವನಿಗಾದರೂ ಗೊತ್ತಿರಬೇಕಿತ್ತು. ಇವರೆಲ್ಲರಿಗಿಂತ ಮೇಲೆ ನಮ್ಮ ಚಿಕ್ಕಮ್ಮ. ತುಮಕೂರಿನ ಒಂದು ಮದುವೆ, ಊಟದ ಪಂಕ್ತಿ, ಎಲೆಗೆ ಆಗಷ್ಟೇ ಹೋಳಿಗೆ ಬಿದ್ದಿದೆ. "ಅಲ್ಲ ಕಣೇ, ಇಷ್ಟು ವರ್ಷ ಅದೇ ಕೆಲಸ ಮಾಡಿದೀಯ. ಆದ್ರೂ ಓದ್ಕೊಂಡು ಹೋಗ್ಬೇಕಾ? ಹಾಗಾದ್ರೆ ಆಫೀಸಲ್ಲಿ ಏನ್ಮಾಡ್ತಿದ್ದೆ?" ತುಪ್ಪ ಬಡಿಸಲು ಬಂದವರೂ ನನ್ನ ಉತ್ತರಕ್ಕೆ ಕಾದು ನಿಂತ ಹಾಗಿತ್ತು.

ಪ್ರಶ್ನೆಗೆ ಸಿಟ್ಟಿಲ್ಲ. ಆ "ಹಾಗಾದ್ರೆ"ಗೆ ಸಿಟ್ಟು.

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್ ಕೆಲಸಕ್ಕೆ ಐದಾರು ರೌಂಡ್ ಇರುತ್ತದೆ. ಮೊದಲು ರಿಕ್ರೂಟರ್ ಫೋನ್: ಈಗಿನ ಸಿಟಿಸಿ, ಅಂದರೆ ವರ್ಷದ ಒಟ್ಟು ಸಂಬಳ ಎಷ್ಟು, ಎಷ್ಟು ಬೇಕು, ನೋಟಿಸ್ ಪೀರಿಯಡ್ ಎಷ್ಟು. 90 ದಿನ ಅಂದರೆ ಆ ಕಡೆ ಒಂದು ನಿಟ್ಟುಸಿರು. 30 ದಿನಕ್ಕೆ ಬರೋಕಾಗುತ್ತಾ ಅಂತ ಕೇಳುವ ಅವರ ಕಂಪನಿಯಲ್ಲೂ ನೋಟಿಸ್ 90 ದಿನವೇ. ಆಮೇಲೆ ಆನ್‌ಲೈನ್ ಪರೀಕ್ಷೆ, ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಮ್ (ಕಾಲೇಜಿನ ಪಾಠದಂಥ ಕೋಡಿಂಗ್ ಲೆಕ್ಕಗಳು) ಎರಡು ಸಲ, ಸಿಸ್ಟಮ್ ಡಿಸೈನ್ (ದೊಡ್ಡ ಸಾಫ್ಟ್‌ವೇರ್‌ನ ನಕ್ಷೆ ಹಾಕುವುದು) ಒಂದು ಸಲ, ಕೊನೆಗೆ ಮ್ಯಾನೇಜರ್. ಕೆಲವು ಕಡೆ ಮಷೀನ್ ಕೋಡಿಂಗ್ ಅಂತ ಇನ್ನೊಂದು. ಒಂದೂವರೆ ಗಂಟೆಯಲ್ಲಿ ಓಡುವ ಪ್ರೋಗ್ರಾಂ ಬರೆದು ತೋರಿಸಬೇಕು.

ಚಿಕ್ಕಮ್ಮನಿಗೆ ಅಲ್ಲೇ ಹೀಗೆ ವಿವರಿಸಿದೆ. ಇವತ್ತು ಸಾವಿರ ಜನಕ್ಕೆ ಅಡುಗೆ ಮಾಡಿದ ಭಟ್ಟರನ್ನು ಗೊತ್ತು ಮಾಡುವ ಮೊದಲು ನೀವೆಲ್ಲ ಎದುರಿಗೆ ಕೂತು, ಅವರ ಕೈಗೆ ಒಂದು ತೆಂಗಿನಕಾಯಿ ಕೊಟ್ಟು, 45 ನಿಮಿಷದಲ್ಲಿ ತುರಿಯಿರಿ ಅಂದಿದ್ದರೆ? ತುರಿಮಣೆ ಮುಟ್ಟುವ ಹಾಗಿಲ್ಲ. ತುರಿಯುವಾಗ ತಲೆಯಲ್ಲಿ ಏನು ಓಡುತ್ತಿದೆ ಅಂತ ಜೋರಾಗಿ ಹೇಳುತ್ತಲೇ ಇರಬೇಕು. ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಭಟ್ರು ಎದ್ದು ಹೋಗ್ತಿದ್ರು" ಅಂದರು.

ನಾನು ಎದ್ದು ಹೋಗಲಿಲ್ಲ. ಅದೇ ಕಥೆ.

ಯಾವ ಕಂಪನಿ ಅಂತ ಬೇಡ. ಮೂರನೇ ರೌಂಡ್, ಮನೆಯಿಂದಲೇ. ಇಂಟರ್‌ವ್ಯೂ ಮಾಡುವವನ ಕ್ಯಾಮೆರಾ ಆಫ್. ಹೆಸರಿನ ಎರಡು ಅಕ್ಷರ ಇರುವ ಒಂದು ಬಣ್ಣದ ಬಿಲ್ಲೆ, ಅದರ ಹಿಂದಿನಿಂದ ಬೇರೇನೋ ಟೈಪ್ ಮಾಡುವ ಶಬ್ದ. ಪ್ರಶ್ನೆ: ಎಲ್‌ಆರ್‌ಯು ಕ್ಯಾಶ್ ಬರೆಯಿರಿ. ಕ್ಯಾಶ್ ಅಂದರೆ ಬೇಗ ಸಿಗಲಿ ಅಂತ ಡೇಟಾವನ್ನು ಕೈಗೆಟುಕುವ ಹಾಗೆ ಇಟ್ಟುಕೊಳ್ಳುವ ಚಿಕ್ಕ ಜಾಗ. ಜಾಗ ತುಂಬಿದಾಗ, ಯಾರೂ ಬಹಳ ಹೊತ್ತಿನಿಂದ ಮುಟ್ಟದೇ ಇರುವುದನ್ನು ಎಸೆಯಬೇಕು, ಅಷ್ಟೇ. ನಮ್ಮಜ್ಜಿ ಅಟ್ಟ ಖಾಲಿ ಮಾಡುತ್ತಿದ್ದ ಲೆಕ್ಕ.

ಜಾವಾ ಭಾಷೆಯಲ್ಲಿ ಕೋಡ್ ಬರೆಯುವವರಿಗೆ ಇದಕ್ಕೆ ಲಿಂಕ್ಡ್‌ಹ್ಯಾಶ್‌ಮ್ಯಾಪ್ ಅಂತ ಸಿದ್ಧವಾಗಿಯೇ ಇದೆ, ನಾಲ್ಕೈದು ಸಾಲಿನಲ್ಲಿ ಕೆಲಸ ಮುಗಿಯುತ್ತದೆ ಅಂದೆ. ಅದು ಬೇಡ ಅಂದ. ತುರಿಮಣೆ ಹೋಯಿತು. ಇರಲಿ ಅಂತ, ಆಫೀಸಿನಲ್ಲಿ ನಾನು ದಿನಾ ನೋಡಿಕೊಳ್ಳುವ, ಕ್ಯಾಶ್ ಆಗಿ ಬಳಸುವ ರೆಡಿಸ್ ಅನ್ನೋ ಸಾಫ್ಟ್‌ವೇರ್ ಪಕ್ಕಾ ಎಲ್‌ಆರ್‌ಯು ಮಾಡುವುದೇ ಇಲ್ಲ ಗೊತ್ತಾ ಅಂತ ಶುರು ಮಾಡಿದೆ. ಎಲ್ಲದರ ಪಟ್ಟಿ ಇಟ್ಟುಕೊಂಡರೆ ಮೆಮೊರಿ ದಂಡ. ಅದಕ್ಕೇ ಅದು ಸುಮ್ನೆ ಒಂದಷ್ಟು ಕೀ (ಇಟ್ಟ ಡೇಟಾದ ಹೆಸರು) ಎತ್ತಿ ನೋಡಿ, ಅದರಲ್ಲಿ ಹಳೆಯದನ್ನು ಬಿಸಾಡುತ್ತದೆ. ನಾವಾಗಿ ಬದಲಾಯಿಸದಿದ್ದರೆ ಒಂದು ಸಲಕ್ಕೆ ಐದೇ ಕೀ. ಅಂದಾಜಿನ ಕೆಲಸ, ಆದರೆ ಸಾಕಾಗುತ್ತದೆ. ಇದು ನನಗೆ ತುಂಬಾ ಇಷ್ಟವಾದ ವಿಷಯ.

"ಅದಿರಲಿ, ಕೋಡ್ ಬರೀರಿ."

ಬರೆದೆ. ಡೇಟಾ ಒಂದರ ಕೈ ಒಂದು ಹಿಡಿದು ಸಾಲಾಗಿ ನಿಂತಿರುತ್ತದೆ. ಸಾಲಿನ ಮಧ್ಯದಿಂದ ಒಂದು ನೋಡ್, ಅಂದರೆ ಒಂದು ಕೊಂಡಿ, ಕಿತ್ತು ಮುಂದಕ್ಕೆ ತರಬೇಕು. ಕಿತ್ತಮೇಲೆ ಅದರ ಅಕ್ಕಪಕ್ಕದ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿಯಬೇಕು. ನಾನು ಒಂದು ಕೈ ಹಿಡಿಸಿದೆ, ಇನ್ನೊಂದು ಮರೆತೆ. ಟೆಸ್ಟ್ ಫೇಲ್. ಯಾಕೆ ಅಂತ ಕಾಣುತ್ತಿಲ್ಲ. ಅಷ್ಟರಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು. ಆಫ್ ಮಾಡಿ ಬರುತ್ತೇನೆ ಅನ್ನಲು ಬಾಯಿ ಬರಲಿಲ್ಲ. ನಾಲ್ಕು, ಐದು, ಆರು. ಬೇಳೆ ತಳ ಹಿಡಿದ ವಾಸನೆ ಬಂದಾಗ ಇನ್ನೂ 11 ನಿಮಿಷ ಇತ್ತು. ಕಾಲ್ ಮುಗಿದ ಮೇಲೆ ಕುಕ್ಕರ್ ಉಜ್ಜುತ್ತಾ ನಿಂತಾಗ ಆ ಮರೆತ ಸಾಲು ತಾನಾಗಿ ಕಣ್ಣ ಮುಂದೆ ಬಂತು. ಎರಡು ದಿನ ಬಿಟ್ಟು ಮೇಲ್: ಬೇಸಿಕ್ಸ್ ಇನ್ನೂ ಗಟ್ಟಿಯಾಗಬೇಕು.

ನೆಪ ಹೇಳುತ್ತಿದ್ದೇನೆ ಅಂತ ಅನ್ನಿಸಿದರೆ ಇದನ್ನೂ ಕೇಳಿ. 2020ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ವಿದ್ಯಾರ್ಥಿಗಳಿಗೆ ಇಂಥ ಪ್ರಶ್ನೆ ಕೊಟ್ಟು ನೋಡಿದರು. ಅರ್ಧ ಜನ ಪರೀಕ್ಷಕರ ಎದುರು, ಜೋರಾಗಿ ವಿವರಿಸುತ್ತಾ ಬಿಡಿಸಬೇಕು. ಉಳಿದವರು ಕೋಣೆಯಲ್ಲಿ ಒಬ್ಬರೇ. ಯಾರೋ ನೋಡುತ್ತಿದ್ದಾಗ ಬಿಡಿಸಿದವರ ಮಟ್ಟ ಅರ್ಧಕ್ಕಿಂತ ಕೆಳಗೆ ಬಿತ್ತು. ಎದುರಿಗೆ ಬಿಡಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಪಾಸಾಗಲಿಲ್ಲ, ಒಬ್ಬರೇ ಕೂತು ಬಿಡಿಸಿದ ಹೆಣ್ಣುಮಕ್ಕಳು ಎಲ್ಲರೂ ಪಾಸ್. ಸಂಖ್ಯೆ ಚಿಕ್ಕದು, ಒಪ್ಪುತ್ತೇನೆ. ಆದರೂ ಓದಿದ ದಿನ ನನಗೆ ನಿದ್ದೆ ಚೆನ್ನಾಗಿ ಬಂತು.

ಹಾಗಾದ್ರೆ ಆಫೀಸಲ್ಲಿ ಏನ್ಮಾಡ್ತಿದ್ದೆ? ಇದನ್ನು ಚಿಕ್ಕಮ್ಮನ ಬದಲು ಇಂಟರ್‌ವ್ಯೂನಲ್ಲಿ ಯಾರಾದರೂ ನಿಜವಾಗಿ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. "ನೀವು ಯಾವುದನ್ನು ಕಟ್ಟೋದು ಬೇಡ ಅಂದ್ರಿ?" ಅಂತ ಕೇಳಿದ್ದರೆ ಇನ್ನೂ ಚೆನ್ನ. ನಮ್ಮಲ್ಲಿ ಒಂದು ರಿಪೋರ್ಟ್ ಪೇಜ್ ತೆರೆಯಲು 9 ಸೆಕೆಂಡ್ ಹಿಡಿಯುತ್ತಿತ್ತು. ಅದನ್ನೇ ಬೇರೆ ಸರ್ವೀಸ್, ಅಂದರೆ ಪ್ರತ್ಯೇಕ ಪ್ರೋಗ್ರಾಂ, ಮಾಡೋಣ, ನಾಲ್ಕು ಜನ, ಎರಡು ತಿಂಗಳು ಅಂತ ಪ್ಲಾನ್ ತಯಾರಾಗಿತ್ತು. ಒಂದು ದಿನ ಕೊಡಿ ಅಂದೆ. ಡೇಟಾಬೇಸ್‌ನ ಟೇಬಲ್‌ಗೆ ಒಂದು ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯ ಹಾಗೆ) ಇರಲಿಲ್ಲ, ಅಷ್ಟೇ. ಅದನ್ನು ಹಗಲು ಹೊತ್ತಿನಲ್ಲೇ ಹಾಕಿದೆ. ನಾವು ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸುಮ್ನೆ ಕ್ರಿಯೇಟ್ ಇಂಡೆಕ್ಸ್ ಅಂದರೆ ಅದು ಮುಗಿಯುವ ತನಕ ಆ ಟೇಬಲ್‌ಗೆ ಯಾರೂ ಬರೆಯುವ ಹಾಗಿಲ್ಲ. ಕನ್‌ಕರೆಂಟ್ಲಿ ಅಂತ ಸೇರಿಸಿದರೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ಆ ಒಂದು ಪದ ನನಗೆ ಹೇಗೆ ಗೊತ್ತು ಅಂದರೆ, ಆರು ವರ್ಷದ ಹಿಂದೆ ಅದಿಲ್ಲದೆ ಓಡಿಸಿ, ಆರ್ಡರ್‌ಗಳೆಲ್ಲ ನಿಂತು, ಮ್ಯಾನೇಜರ್ ನನ್ನ ಸೀಟಿನ ಹಿಂದೆ ಬಂದು ಮಾತಿಲ್ಲದೆ ನಿಂತಿದ್ದರು. ಇದನ್ನು ಯಾವ ರೌಂಡ್‌ನಲ್ಲಿ ಹೇಳಲಿ?

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ನಮ್ಮ ಕಂಪನಿಗೆ ನಾನೂ ಇಂಟರ್‌ವ್ಯೂ ಮಾಡುತ್ತೇನೆ. ವರ್ಷಗಟ್ಟಲೆ ಎಲ್‌ಆರ್‌ಯು ಕ್ಯಾಶನ್ನೇ ಕೇಳಿದ್ದೇನೆ. ಅಂಕ ಹಾಕುವುದು ಸುಲಭ, ಅದಕ್ಕೆ.

ಕಳೆದ ಮಂಗಳವಾರ ಬದಲಾಯಿಸಿದೆ. 16 ವರ್ಷ ಅನುಭವ ಇರುವವರು ಬಂದಿದ್ದರು. ಕ್ಯಾಮೆರಾ ಹಾಕಿಕೊಂಡೆ, ನಕ್ಕೆ, ನೀರು ಕುಡೀರಿ ಅಂದೆ. "ನೀವು ಯಾವುದನ್ನು ಕಟ್ಟೋದು ಬೇಡ ಅಂದಿದ್ದೀರಿ, ಹೇಳಿ ಸರ್" ಅಂತ ಕೇಳಿದೆ. ಅವರ ಮುಖ ಸಣ್ಣಗಾಯಿತು. ಚಾವಣಿ ನೋಡಿದರು. ಪಕ್ಕದಲ್ಲಿದ್ದ ನೋಟ್‌ಬುಕ್ ಕಡೆ ಕಣ್ಣು ಹೋಯಿತು, ವಾಪಸ್ ಬಂತು.

"ಮೇಡಂ, ಕೋಡಿಂಗ್ ಪ್ರಶ್ನೆ ಇಲ್ವಾ? ಎರಡು ತಿಂಗಳಿಂದ ಓದಿದೀನಿ."

ಎಲ್‌ಆರ್‌ಯು ಕ್ಯಾಶ್ ಕೇಳಿದೆ. 18 ನಿಮಿಷದಲ್ಲಿ ಬರೆದು ಮುಗಿಸಿದರು, ಎರಡೂ ಕೈ ಸರಿಯಾಗಿ ಹಿಡಿಸಿ.