ಒಳಗಿನ ರೆಟ್, ಹೊರಗಿನ ರೆಟ್

ಹೊರಗಿನ ಬ್ಲಾಕ್‌ನಲ್ಲಿ, ಅಂದರೆ ಸುರುಳಿ ಆವರಣದೊಳಗಿನ ಕೋಡ್ ತುಂಡಿನಲ್ಲಿ, ಇರುವ ವೇರಿಯಬಲ್‌ನ ಹೆಸರನ್ನೇ ಒಳಗಿನ ಬ್ಲಾಕ್‌ನಲ್ಲಿ ಇನ್ನೊಂದಕ್ಕೆ ಇಟ್ಟರೆ ಸಿ ಕಂಪೈಲರ್ ಚಕಾರ ಎತ್ತುವುದಿಲ್ಲ. ಭಾಷೆಯ ನಿಯಮದಲ್ಲಿ ಅದು ತಪ್ಪಲ್ಲ. ಹೀಗೆ ಒಳಗಿನ ಹೆಸರು ಹೊರಗಿನದನ್ನು ಮರೆಮಾಡುವುದನ್ನು ಹಿಡಿಯಬೇಕೆಂದರೆ ಜಿಸಿಸಿ ಎಂಬ ಕಂಪೈಲರ್‌ನಲ್ಲಿ ‘ಡಬ್ಲ್ಯು ಶ್ಯಾಡೋ’ ಎಂಬ ಎಚ್ಚರಿಕೆಯ ಆಯ್ಕೆ ಇದೆ. ಹಲವು ಎಚ್ಚರಿಕೆಗಳನ್ನು ಒಟ್ಟಿಗೆ ತರುವ ‘ಡಬ್ಲ್ಯು ಆಲ್’, ‘ಡಬ್ಲ್ಯು ಎಕ್ಸ್‌ಟ್ರಾ’ ಎರಡನ್ನೂ ಕೊಟ್ಟರೂ ಅದು ತಾನಾಗಿ ಬರುವುದಿಲ್ಲ, ಬೇರೆಯಾಗಿಯೇ ಕೇಳಬೇಕು.

ಉಪಕರಣದೊಳಗೇ ಕೂರುವ ತಂತ್ರಾಂಶವಾದ ಫರ್ಮ್‌ವೇರ್ ಬರೆಯುವ ನಮ್ಮ ತಂಡದ ಮೇಕ್‌ಫೈಲ್‌ನಲ್ಲಿ (ಬಿಲ್ಡ್ ಮಾಡುವ ಸೂಚನೆಗಳ ಕಡತ) ಯಾರೋ ಪುಣ್ಯಾತ್ಮರು ಅದನ್ನು ಎಂದೋ ಸೇರಿಸಿಟ್ಟಿದ್ದರು. ಬಿಲ್ಡ್ ಕೊಟ್ಟರೆ ಪರದೆ ತುಂಬ ಎಚ್ಚರಿಕೆಗಳು. ಓದುವವರು ಯಾರೂ ಇಲ್ಲ. ಬಹುಪಾಲು ‘ಇಂಡೆಕ್ಸ್’ ಎಂಬ ಲೋಕಲ್ ವೇರಿಯಬಲ್‌ನ ಮೇಲೆ, ಏಕೆಂದರೆ ಆ ಹೆಸರಿನ, ಬಿಎಸ್‌ಡಿ ಯುನಿಕ್ಸ್ ಕಾಲದ ಹಳೆಯ ಫಂಕ್ಷನ್ ಒಂದು ಸ್ಟ್ರಿಂಗ್ ಹೆಡರ್‌ನ (ಸಿದ್ಧ ಫಂಕ್ಷನ್‌ಗಳ ಘೋಷಣೆಯಿರುವ ಕಡತ) ಮೂಲಕ ಒಳಗೆ ಬಂದು ಕೂತಿತ್ತು. ಡಿಸ್‌ಪ್ಲೇ ಕೋಡ್‌ನಲ್ಲಂತೂ ಎಕ್ಸ್1 ನಿರ್ದೋಷಿ, ವೈ1 ಅಪರಾಧಿ! ಗಣಿತದ ಹೆಡರ್‌ನಲ್ಲಿ ವೈ1 ಎಂದರೆ ಬೆಸೆಲ್ ಎಂಬ ಗಣಿತದ ಫಂಕ್ಷನ್. ಇದಕ್ಕೆ ಹೆದರಿ ಕೆಲವರು ಹೆಸರಿಗೆ ಒಂದು ಅಂಡರ್‌ಸ್ಕೋರ್ ಅಂಟಿಸಿದರು, ಕೆಲವರು ಸ್ವರಾಕ್ಷರ ಕಿತ್ತರು. ಎಚ್ಚರಿಕೆ ಹೋಯಿತು, ಓದಲು ಚೆನ್ನಾಗಿದ್ದ ಹೆಸರೂ ಹೋಯಿತು.

ಈ ಗದ್ದಲದ ಅಡಿಯಲ್ಲಿ ಸಿಕ್ಕಿದ್ದು ನಿಜವಾದ ದೋಷ. ಫ್ಲ್ಯಾಶ್ ಮೆಮೊರಿಗೆ ದಾಖಲೆ ಬರೆಯುವ ಫಂಕ್ಷನ್‌ನ ತಲೆಯಲ್ಲೇ ‘ರೆಟ್’ ಎಂಬ ಲಾಂಗ್ ಟೈಪ್‌ನ ಪೂರ್ಣಾಂಕ ವೇರಿಯಬಲ್, ಬೆಲೆ ಸೊನ್ನೆ, ಅಂದರೆ ದೋಷವಿಲ್ಲ. ಕೆಳಗೆ ಫಾರ್ ಲೂಪ್‌ನೊಳಗೆ ಮತ್ತೊಂದು ‘ರೆಟ್’, ಇದು ಇಂಟ್ ಎಂಬ ಇನ್ನೊಂದು ಪೂರ್ಣಾಂಕ ಟೈಪ್. ಪುಟ ಬರೆಯುವುದು ವಿಫಲವಾದರೆ ಒಳಗಿನದಕ್ಕೆ ಋಣಸಂಖ್ಯೆ ಬರುತ್ತದೆ, ಬ್ರೇಕ್ ಆಗುತ್ತದೆ, ಅಲ್ಲಿಗೆ ಅದರ ಆಯುಸ್ಸು ಮುಗಿಯುತ್ತದೆ. ಕೊನೆಯ ಸಾಲು ಹಿಂದಿರುಗಿಸುವುದು ಹೊರಗಿನ ಸೊನ್ನೆಯನ್ನು. ಬರೆಯದಿದ್ದರೂ ಬರೆದಾಯಿತು ಎಂಬ ವರದಿ! ಹಳೆಯ ಬಿಲ್ಡ್ ಲಾಗ್ ತೆಗೆದು ನೋಡಿದರೆ ಈ ಸಾಲಿನ ಮೇಲೂ ಎಚ್ಚರಿಕೆ ಇತ್ತು, ಇಂಡೆಕ್ಸ್‌ಗಳ ನಡುವೆ.

ಜಿಸಿಸಿಯವರೇ ಈ ಸಿಕ್ಕನ್ನು ಎರಡು ಹಂತದಲ್ಲಿ ಬಿಡಿಸಿದ್ದಾರೆ. 2013ರ 4.8ನೇ ಆವೃತ್ತಿಯಿಂದ, ಫಂಕ್ಷನ್‌ನ ಹೆಸರನ್ನು ಮಾಮೂಲಿ ವೇರಿಯಬಲ್ ಮರೆಮಾಡಿದರೆ ಎಚ್ಚರಿಕೆ ಇಲ್ಲ. ಮರೆಮಾಡುವ ವೇರಿಯಬಲ್ ಫಂಕ್ಷನ್ ಪಾಯಿಂಟರ್ (ಫಂಕ್ಷನ್‌ನ ವಿಳಾಸ ಇಡುವಂಥದು) ಆದರೆ ಮಾತ್ರ ಉಂಟು. 2017ರ 7ನೇ ಆವೃತ್ತಿಯಲ್ಲಿ ಆಯ್ಕೆಯನ್ನೇ ಗ್ಲೋಬಲ್, ಲೋಕಲ್, ಕಂಪ್ಯಾಟಿಬಲ್-ಲೋಕಲ್ ಎಂದು ಮೂರಾಗಿ ಒಡೆದರು. ಮೊದಲನೆಯದು ಎಲ್ಲ ಮರೆಮಾಡುವಿಕೆಗೂ, ಎರಡನೆಯದು ಒಂದು ಲೋಕಲ್ ವೇರಿಯಬಲ್ ಇನ್ನೊಂದು ಲೋಕಲನ್ನೋ ಪ್ಯಾರಾಮೀಟರನ್ನೋ ಮರೆಮಾಡಿದಾಗ ಮಾತ್ರ. ಕೊನೆಯದು ಎರಡೂ ವೇರಿಯಬಲ್‌ಗಳ ಟೈಪ್ ಹೊಂದಿದಾಗ ಮಾತ್ರ ದೂರುತ್ತದೆ. ಟೈಪ್ ಬೇರೆಯಾದರೆ ಅದಲುಬದಲನ್ನು ಕಂಪೈಲರ್ ಸಾಮಾನ್ಯವಾಗಿ ಹಿಡಿಯುತ್ತದೆ ಎಂಬುದು ಅದರ ಹಿಂದಿನ ತರ್ಕ. ಸಿಯಲ್ಲಿ ಇಂಟ್ ಸದ್ದಿಲ್ಲದೆ ಲಾಂಗ್ ಆಗಿಬಿಡುವುದರಿಂದ ನನಗೆ ಆ ತರ್ಕ ಒಪ್ಪಿಗೆಯಾಗಲಿಲ್ಲ. ನಮ್ಮ ರೆಟ್ ಜೋಡಿ ಆ ಜರಡಿಯಲ್ಲಿ ಸಲೀಸಾಗಿ ತೂರಿಹೋಗುತ್ತಿತ್ತು. ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಗಿನ ಉಪಕರಣಗಳು) ಬದಲಾದ ಮೇಲೆ ಲೋಕಲ್ ಮಟ್ಟವನ್ನು ಬಿಲ್ಡ್ ನಿಲ್ಲಿಸುವ ಎರರ್ ಮಾಡಿದೆವು, ಗ್ಲೋಬಲ್ ಮಟ್ಟವನ್ನು ಬಿಟ್ಟೆವು.

“ಸರ್, ಮ್ಯಾಕ್ರೋ ಒಳಗಿನದಕ್ಕೂ ಬಿಲ್ಡ್ ನಿಲ್ಲುತ್ತಿದೆ, ಅದಕ್ಕಾದರೂ ವಿನಾಯಿತಿ ಕೊಡಬಾರದೇ?” ಎಂದು ಹೊಸದಾಗಿ ಸೇರಿದ ಹುಡುಗ ಕೇಳಿದ. ಕೊಡಲಿಲ್ಲ. ಮ್ಯಾಕ್ರೋ ಎಂದರೆ ಬಳಸಿದಲ್ಲೆಲ್ಲ ಕಂಪೈಲ್‌ಗೆ ಮೊದಲೇ ಕೋಡ್ ಆಗಿ ವಿಸ್ತರಿಸುವ ಸಂಕ್ಷಿಪ್ತ ಹೆಸರು. ಮ್ಯಾಕ್ರೋದೊಳಗಿನ ತಾತ್ಕಾಲಿಕ ವೇರಿಯಬಲ್‌ನ ಹೆಸರೂ ನಾವು ಕೊಟ್ಟ ಆರ್ಗ್ಯುಮೆಂಟ್‌ನ ಹೆಸರೂ ಒಂದೇ ಆದರೆ ಆ ವೇರಿಯಬಲ್ ತನ್ನ ಬೆಲೆಯನ್ನು ತನ್ನಿಂದಲೇ ಪಡೆಯಲು ಹೋಗುತ್ತದೆ. ಸಿಗುವುದು ಕಸ. ಪ್ರತಿ ಬಾರಿ ಹೊಸ ಸಂಖ್ಯೆ ಕೊಡುವ ಕಂಪೈಲರ್‌ನ ಕೌಂಟರ್ ಮ್ಯಾಕ್ರೋ ಬಳಸಿ ಪ್ರತಿ ವಿಸ್ತರಣೆಗೂ ಹೊಸ ಹೆಸರು ಹುಟ್ಟಿಸಿದೆವು. ಲಿನಕ್ಸ್ ಕರ್ನಲ್‌ನಲ್ಲಿಯೂ ಇದೇ ತಂತ್ರವಿದೆ. ಬೋರ್ಡ್ ತಯಾರಕರ ಹೆಡರ್‌ಗಳನ್ನು ಕಂಪೈಲರ್ ಎಚ್ಚರಿಕೆ ಕೊಡದ ಸಿಸ್ಟಂ ಹೆಡರ್‌ಗಳೆಂದು ಘೋಷಿಸಿ ಪಕ್ಕಕ್ಕಿಟ್ಟೆವು. ಉಪಕರಣವೇ ಬರೆದುಕೊಡುವ ಪಾರ್ಸರ್ ಫೈಲಿಗೆ ಮಾತ್ರ ವಿನಾಯಿತಿ ಉಳಿದಿದೆ.